ಭಾರತದ ಮೊಬೈಲ್ ಕಂಪನಿಗಳು: ಹೆಸರು ಬಿಡಿ, ಬ್ಯಾಂಡ್ ಹಿಡಿದು ಓದಿ

ಟೆಲಿಕಾಂ ಓದುವಾಗ ಹೆಚ್ಚಿನವರು 2ಜಿ, 3ಜಿ, 4ಜಿ, 5ಜಿ ಅಂತ ಒಂದು ಟೇಬಲ್ ಹಾಕಿಕೊಂಡು ಬಾಯಿಪಾಠ ಮಾಡಿಬಿಡುತ್ತಾರೆ. ಪರೀಕ್ಷೆಗೆ ಅಷ್ಟು ಸಾಕಾಗಬಹುದು. ಆದರೆ ಹಳೇ ಕೀಪ್ಯಾಡ್ ಫೋನಿಗೆ ಜಿಯೋ ಸಿಮ್ ಹಾಕಿದರೆ ಯಾಕೆ ನಡೆಯುವುದಿಲ್ಲ, ಏರ್‌ಟೆಲ್ 5ಜಿಗೆ ಪಕ್ಕದಲ್ಲಿ 4ಜಿ ಯಾಕೆ ಬೇಕಾಯಿತು, ಬಿಎಸ್ಎನ್ಎಲ್ ಯಾಕೆ ಇಷ್ಟು ಹಿಂದೆ ಬಿತ್ತು ಅಂತ ಕೇಳಿದರೆ ಆ ಟೇಬಲ್ ಬಾಯಿ ಬಿಡುವುದಿಲ್ಲ. ಯಾವ ಕಂಪನಿ ಕೈಯಲ್ಲಿ ಯಾವ ಬ್ಯಾಂಡ್ (ಸಿಗ್ನಲ್ ಕಳಿಸಲು ಸಿಗುವ ಫ್ರೀಕ್ವೆನ್ಸಿಯ ಪಟ್ಟಿ) ಇತ್ತು, ಅದು ಯಾವಾಗ ಸಿಕ್ಕಿತು ಅಂತ ನೋಡಿದರೆ ಮೂರಕ್ಕೂ ಉತ್ತರ ಸಿಗುತ್ತದೆ. ಈ ಟಿಪ್ಪಣಿ ಪೂರ್ತಿ ಅದೇ ದಾರಿಯಲ್ಲಿ ಹೋಗುತ್ತದೆ.

ಮೊದಲು ಒಂದೇ ಒಂದು ಭೌತಶಾಸ್ತ್ರದ ವಿಷಯ. ಫ್ರೀಕ್ವೆನ್ಸಿ ಕಡಿಮೆ ಇದ್ದಷ್ಟೂ ಸಿಗ್ನಲ್ ದೂರ ಹೋಗುತ್ತದೆ, ಗೋಡೆ ದಾಟಿ ಒಳಗೂ ಬರುತ್ತದೆ. ಜಾಸ್ತಿ ಇದ್ದಷ್ಟೂ ದೂರ ಕಡಿಮೆ, ಆದರೆ ಅಲ್ಲಿ ಜಾಗ ಜಾಸ್ತಿ ಸಿಗುವುದರಿಂದ ವೇಗ ಹೆಚ್ಚು. 700 ಮೆಗಾಹರ್ಟ್ಸ್‌ನಲ್ಲಿ ಒಂದು ತರಂಗದ ಉದ್ದ ಸುಮಾರು 43 ಸೆಂಟಿಮೀಟರ್. 3500ರಲ್ಲಿ ಎಂಟೂವರೆ ಸೆಂಟಿಮೀಟರ್ ಅಷ್ಟೇ. 26 ಗಿಗಾಹರ್ಟ್ಸ್‌ಗೆ ಹೋದರೆ ಒಂದು ಸೆಂಟಿಮೀಟರ್ ಚಿಲ್ಲರೆ, ಅದು ಮರದ ಎಲೆ ಅಡ್ಡ ಬಂದರೂ ಸೊರಗುತ್ತದೆ. ಹಾಗಾಗಿ 700, 850, 900 ಬ್ಯಾಂಡ್‌ಗಳಿಗೆ ಅಷ್ಟು ಬೆಲೆ.

ಇನ್ನೊಂದು ವಿಷಯ, ಸರ್ಕಲ್. ನಮ್ಮ ದೇಶವನ್ನು 22 ಸೇವಾ ಪ್ರದೇಶಗಳಾಗಿ ಹಂಚಿದ್ದಾರೆ. ದೆಹಲಿ, ಮುಂಬೈ, ಕೋಲ್ಕತ್ತಾ ಮೆಟ್ರೋಗಳು, ಉಳಿದವು ಎ, ಬಿ, ಸಿ ಅಂತ. ಕರ್ನಾಟಕ 'ಎ' ಗುಂಪಿನಲ್ಲಿದೆ. ಸ್ಪೆಕ್ಟ್ರಂ, ಅಂದರೆ ಈ ಬ್ಯಾಂಡ್‌ಗಳನ್ನು ಬಳಸುವ ಹಕ್ಕು, ಹರಾಜು ಆಗುವುದು ಸರ್ಕಲ್ ಲೆಕ್ಕದಲ್ಲಿ, ಇಡೀ ದೇಶಕ್ಕೆ ಒಟ್ಟಿಗೆ ಅಲ್ಲ. ಅದಕ್ಕೇ ಒಂದೇ ಕಂಪನಿ ಕರ್ನಾಟಕದಲ್ಲಿ ಗಟ್ಟಿಯಾಗಿದ್ದು ಪಕ್ಕದ ರಾಜ್ಯದಲ್ಲಿ ಸೊರಗಿರುವುದು ಸಾಮಾನ್ಯ. 'ಯಾವ ನೆಟ್‌ವರ್ಕ್ ಒಳ್ಳೇದು' ಅಂತ ದೇಶಕ್ಕೆಲ್ಲಾ ಒಂದೇ ಉತ್ತರ ಹೇಳುವವರನ್ನು ನಂಬಬೇಡಿ.

ಈಗ ಇತಿಹಾಸ, ಬೇಗ ಬೇಗ ಮುಗಿಸೋಣ. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತಾದಿಂದ ದೆಹಲಿಯಲ್ಲಿದ್ದ ದೂರಸಂಪರ್ಕ ಸಚಿವ ಸುಖರಾಂ ಅವರಿಗೆ ಮಾತಾಡಿದ್ದು ದೇಶದ ಮೊದಲ ಮೊಬೈಲ್ ಕರೆ. ನೆಟ್‌ವರ್ಕ್ ಮೋದಿ ಟೆಲ್‌ಸ್ಟ್ರಾದ್ದು. ಆಗ ಬರುವ ಕರೆಗೂ ದುಡ್ಡು ಕೊಡಬೇಕಿತ್ತು, ಇದನ್ನು ಇವತ್ತು ಹೇಳಿದರೆ ಚಿಕ್ಕವರು ನಗುತ್ತಾರೆ. ಕಂಪನಿಗಳು ಲೈಸೆನ್ಸಿಗೆ ದೊಡ್ಡ ಮೊತ್ತ ಕೂಗಿ ಆಮೇಲೆ ಕಟ್ಟಲಾಗದೆ ಒದ್ದಾಡಿದವು. 1999ರ ನೀತಿ ಬಂದು, ಆದಾಯದಲ್ಲಿ ಪಾಲು ಕೊಟ್ಟರೆ ಸಾಕು ಅಂದಮೇಲೆ ಉಸಿರಾಡಿದವು. ಬಿಎಸ್ಎನ್ಎಲ್ ಹುಟ್ಟಿದ್ದು 2000ದ ಅಕ್ಟೋಬರ್ 1ಕ್ಕೆ. ಒಳಬರುವ ಕರೆ ಪುಕ್ಕಟೆ ಆಗಿದ್ದು 2003ರಲ್ಲಿ.

ಆ ಹೊತ್ತಿಗೆ ಎರಡು ತಂತ್ರಜ್ಞಾನಗಳ ಜಗಳ ಇತ್ತು. ಜಿಎಸ್ಎಂ ಕಡೆ ಏರ್‌ಟೆಲ್, ಹಚ್, ಐಡಿಯಾ, ಸ್ಪೈಸ್, ಬಿಎಸ್ಎನ್ಎಲ್, 900 ಮತ್ತು 1800ರಲ್ಲಿ. ಸಿಡಿಎಂಎ ಕಡೆ ಮುಖ್ಯವಾಗಿ ರಿಲಯನ್ಸ್ ಮತ್ತು ಟಾಟಾ, 800ರಲ್ಲಿ. ಜಿಎಸ್ಎಂನಲ್ಲಿ 200 ಕಿಲೋಹರ್ಟ್ಸ್‌ನ ಒಂದು ಕ್ಯಾರಿಯರ್ (ಸಿಗ್ನಲ್ ಹೊರುವ ಫ್ರೀಕ್ವೆನ್ಸಿ ತುಂಡು) ಅನ್ನು ಎಂಟು ಸಮಯದ ತುಂಡುಗಳಾಗಿ ಮಾಡಿ, ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಡುತ್ತಾರೆ. ಸಿಡಿಎಂಎಯಲ್ಲಿ ಎಲ್ಲರೂ ಒಂದೇ ಫ್ರೀಕ್ವೆನ್ಸಿಯಲ್ಲಿ ಒಟ್ಟಿಗೆ ಮಾತಾಡುತ್ತಾರೆ, ಬೇರೆ ಬೇರೆ ಕೋಡ್ ಇರುವುದರಿಂದ ಗೊಂದಲ ಆಗುವುದಿಲ್ಲ. ತಾಂತ್ರಿಕವಾಗಿ ಸಿಡಿಎಂಎ ಏನೂ ಕಳಪೆ ಅಲ್ಲ. ಆದರೆ ಇಲ್ಲಿ ಆ ಫೋನುಗಳು ಬಹುಪಾಲು ಕಂಪನಿಗೇ ಕಟ್ಟಿಹಾಕಿದಂತಿದ್ದವು, ಸಿಮ್ ತೆಗೆದು ಬೇರೆ ಫೋನಿಗೆ ಹಾಕುವ ಸ್ವಾತಂತ್ರ್ಯ ಇರಲಿಲ್ಲ. ಜನ ಅದನ್ನು ಒಪ್ಪಲಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಿ. ಸಿಡಿಎಂಎ ಸತ್ತಿತು, ಆದರೆ ಅದು ಕೂತಿದ್ದ ಬ್ಯಾಂಡ್ ಸಾಯಲಿಲ್ಲ. ಆ 800 ಬ್ಯಾಂಡೇ (ಮೇಲೆ 850 ಅಂದಿದ್ದೂ ಇದನ್ನೇ) ಇವತ್ತು ಬ್ಯಾಂಡ್ 5 ಅನ್ನುವ ಹೆಸರಲ್ಲಿ ಜಿಯೋ 4ಜಿಯನ್ನು ಹಳ್ಳಿಗಳಿಗೆ ಮುಟ್ಟಿಸುತ್ತಿದೆ.

2010ರಲ್ಲಿ ಎರಡು ಹರಾಜು ನಡೆದವು. 2100 ಮೆಗಾಹರ್ಟ್ಸ್‌ನ 3ಜಿಗೆ ಸರ್ಕಾರಕ್ಕೆ 67,000 ಕೋಟಿ ರೂಪಾಯಿಗೂ ಮೇಲೆ ಬಂತು. ಎಲ್ಲರ ಕಣ್ಣು ಅದರ ಮೇಲೇ ಇತ್ತು. ಇನ್ನೊಂದು 2300ರ ಬ್ರಾಡ್‌ಬ್ಯಾಂಡ್ ಹರಾಜು, ಅದರಲ್ಲಿ ಇನ್ಫೋಟೆಲ್ ಅನ್ನುವ ಸಣ್ಣ ಕಂಪನಿ ಇಡೀ ದೇಶದ ಸ್ಪೆಕ್ಟ್ರಂ ಗೆದ್ದಿತು, ಗೆದ್ದ ತಕ್ಷಣ ರಿಲಯನ್ಸ್ ಇಂಡಸ್ಟ್ರೀಸ್ ಅದನ್ನು ಕೊಂಡಿತು. ಅದೇ ಆಮೇಲೆ ಜಿಯೋ. ಇದೇ 2300ರಲ್ಲಿ ಏರ್‌ಟೆಲ್ 2012ರಲ್ಲಿ ಕೋಲ್ಕತ್ತಾದಲ್ಲಿ ದೇಶದ ಮೊದಲ 4ಜಿ ತೆರೆಯಿತು. ಅದೇ ವರ್ಷ ಫೆಬ್ರವರಿ 2ರಂದು ಸುಪ್ರೀಂ ಕೋರ್ಟ್ 2ಜಿ ಹಂಚಿಕೆ ಸರಿಯಿಲ್ಲ ಅಂತ 122 ಲೈಸೆನ್ಸ್ ರದ್ದು ಮಾಡಿತು. ಸಣ್ಣ ಕಂಪನಿಗಳ ಕಾಲ ಮುಗಿಯುತ್ತಾ ಬಂದಿದ್ದು ಅಲ್ಲಿಂದಲೇ.

ಜಿಯೋ ಬಂದಿದ್ದು 2016ರ ಸೆಪ್ಟೆಂಬರ್ 5ಕ್ಕೆ. ಪುಕ್ಕಟೆ ಡೇಟಾ ಎಲ್ಲರಿಗೂ ನೆನಪಿದೆ, ಆದರೆ ಕಲಿಯಬೇಕಾದ ವಿಷಯ ಬೇರೆ. 4ಜಿ ಎಲ್‌ಟಿಇಯಲ್ಲಿ ಹಳೇ ರೀತಿಯ ಧ್ವನಿ ಸರ್ಕ್ಯೂಟ್ ಇಲ್ಲವೇ ಇಲ್ಲ, ಎಲ್ಲಾ ಡೇಟಾ ಪ್ಯಾಕೆಟ್. ಹಳೇ ಕಂಪನಿಗಳು ಕರೆ ಬಂದಾಗ ಫೋನನ್ನು 4ಜಿಯಿಂದ 3ಜಿಗೋ 2ಜಿಗೋ ಇಳಿಸಿ ಮಾತಾಡಿಸುತ್ತಿದ್ದವು. ಇದಕ್ಕೆ ಸಿಎಸ್ ಫಾಲ್‌ಬ್ಯಾಕ್ ಅಂತಾರೆ. ಕರೆ ಬಂದ ಕೂಡಲೇ ಇಂಟರ್ನೆಟ್ ನಿಧಾನ ಆಗುತ್ತಿತ್ತಲ್ವಾ, ಕಾರಣ ಅದೇ. ಜಿಯೋಗೆ ಇಳಿಯಲು ಕೆಳಗೆ 2ಜಿ, 3ಜಿ ಇರಲಿಲ್ಲ. ಹಾಗಾಗಿ ಧ್ವನಿಯನ್ನೂ ಪ್ಯಾಕೆಟ್ ಮಾಡಿ ಕಳಿಸುವ ವೋಲ್ಟಿಯೇ (VoLTE) ಗತಿ. ಕೀಪ್ಯಾಡ್ ಫೋನಿನ ಪ್ರಶ್ನೆಗೆ ಉತ್ತರ ಇಷ್ಟೇ: ಆ ಫೋನು ಹುಡುಕುವುದು 2ಜಿ, ಜಿಯೋ ಹತ್ತಿರ ಅದಿಲ್ಲ. ಅದಕ್ಕಾಗಿಯೇ 2017ರಲ್ಲಿ ಅವರು 4ಜಿ ಇರುವ ಕೀಪ್ಯಾಡ್ ಫೋನನ್ನೇ ತಂದರು.

ಜಿಯೋ ಕೊಟ್ಟ ಹೊಡೆತಕ್ಕೆ ಏರ್‌ಸೆಲ್ ದಿವಾಳಿ ಆಯಿತು, ಟೆಲಿನಾರ್ ಮತ್ತು ಟಾಟಾದ ಮೊಬೈಲ್ ವ್ಯವಹಾರ ಏರ್‌ಟೆಲ್ ಸೇರಿದವು, 2018ರ ಆಗಸ್ಟ್‌ನಲ್ಲಿ ವೊಡಾಫೋನ್ ಮತ್ತು ಐಡಿಯಾ ಒಂದಾದವು, ಅದೇ ಈಗಿನ ವಿ. 2019ರ ಅಕ್ಟೋಬರ್‌ನ ಎಜಿಆರ್ (ಸರ್ಕಾರಕ್ಕೆ ಪಾಲು ಕೊಡಲು ಲೆಕ್ಕ ಹಾಕುವ ಆದಾಯ) ತೀರ್ಪಿನ ಬಾಕಿ ವಿ ಕಂಪನಿಯ ಸೊಂಟ ಮುರಿಯಿತು. ಕೊನೆಗೆ ಬಾಕಿಯ ಒಂದು ಭಾಗದ ಬದಲು ಸರ್ಕಾರ ಷೇರನ್ನೇ ತೆಗೆದುಕೊಂಡಿತು.

5ಜಿಯ ಕಥೆಯೂ ಬ್ಯಾಂಡಿನದೇ. 700 ಬ್ಯಾಂಡನ್ನು 2016ರಲ್ಲೂ 2021ರಲ್ಲೂ ಬೆಲೆ ಕೇಳಿ ಯಾರೂ ಮುಟ್ಟಲಿಲ್ಲ. 2022ರ ಹರಾಜಿನಲ್ಲಿ ಜಿಯೋ ಒಂದೇ ಅದನ್ನು ಕೊಂಡಿತು. ದೂರ ಹೋಗುವ ಬ್ಯಾಂಡ್ ಕೈಯಲ್ಲಿದ್ದರಿಂದ 5ಜಿಗೆ ಬೇರೆಯೇ ಕೋರ್ (ಟವರ್‌ಗಳ ಹಿಂದೆ ಕೂತು ಇಡೀ ಜಾಲ ನಡೆಸುವ ಕೇಂದ್ರ ಭಾಗ) ಹಾಕಿ, 4ಜಿಯ ಹಂಗಿಲ್ಲದ ಸ್ಟ್ಯಾಂಡ್‌ಅಲೋನ್ ಜಾಲ ಕಟ್ಟಿತು. ಏರ್‌ಟೆಲ್ 700 ಬೇಡ ಅಂತು. 3.5 ಗಿಗಾಹರ್ಟ್ಸ್‌ನ 5ಜಿಯನ್ನು ತನ್ನ ಹಳೇ 4ಜಿ ಕೋರ್‌ಗೆ ಜೋಡಿಸಿತು, ಇದು ನಾನ್-ಸ್ಟ್ಯಾಂಡ್‌ಅಲೋನ್. ಇಲ್ಲಿ ಫೋನು ಮೊದಲು 4ಜಿ ಹಿಡಿದು ಅದರ ಮೇಲೆ 5ಜಿ ಸೇರಿಸಿಕೊಳ್ಳುತ್ತದೆ. ಬೇಗ ಹಬ್ಬಿಸಬಹುದು, ಖರ್ಚೂ ಕಡಿಮೆ. ನನ್ನ ಲೆಕ್ಕದಲ್ಲಿ ಎರಡೂ ಸರಿಯೇ, ಅವರವರ ಗಂಟಿಗೆ ತಕ್ಕ ನಿರ್ಧಾರ. ಸೇವೆ ಶುರುವಾಗಿದ್ದು 2022ರ ಅಕ್ಟೋಬರ್ 1ಕ್ಕೆ. ವಿ 5ಜಿ ಮುಂಬೈಯಲ್ಲಿ ಬಂದಾಗ 2025ರ ಮಾರ್ಚ್ ಆಗಿತ್ತು.

ಬಿಎಸ್ಎನ್ಎಲ್ ಹಿಂದೆ ಬೀಳಲು ಜನ ಹೇಳುವ ಕಾರಣ ಸೋಮಾರಿತನ. ಅಷ್ಟು ಸರಳ ಅಲ್ಲ. 4ಜಿಗೆ ಸ್ಪೆಕ್ಟ್ರಂ ಕೊಡುವ ನಿರ್ಧಾರ ಆಗಿದ್ದೇ 2019ರ ಪುನಶ್ಚೇತನ ಪ್ಯಾಕೇಜಿನಲ್ಲಿ. 2020ರಲ್ಲಿ ಕರೆದ ಟೆಂಡರ್ ರದ್ದಾಯಿತು, ಉಪಕರಣ ದೇಶದಲ್ಲೇ ತಯಾರಾಗಬೇಕು ಅಂತಾಯಿತು. ಟಿಸಿಎಸ್, ತೇಜಸ್ ಮತ್ತು ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡಾಟ್ ಸೇರಿ ಕಟ್ಟಿದ 4ಜಿ ಉದ್ಘಾಟನೆ ಆಗಿದ್ದು 2025ರ ಸೆಪ್ಟೆಂಬರ್ 27ಕ್ಕೆ, ಒಡಿಶಾದ ಝಾರ್ಸುಗುಡದಲ್ಲಿ. ತೇಜಸ್ ನಮ್ಮ ಬೆಂಗಳೂರಿನದೇ ಕಂಪನಿ.

ಕೊನೆಗೆ ಕೈಯಾರೆ ನೋಡುವ ಒಂದು ಕೆಲಸ. ಆಂಡ್ರಾಯ್ಡ್ ಫೋನಿನಲ್ಲಿ ಮೊಬೈಲ್ ನೆಟ್‌ವರ್ಕ್ ಸೆಟ್ಟಿಂಗ್ಸ್‌ಗೆ ಹೋಗಿ ಆಕ್ಸೆಸ್ ಪಾಯಿಂಟ್ ನೇಮ್ಸ್ ಒತ್ತಿ, ಅಲ್ಲಿರುವ ಎಪಿಎನ್ ತೆರೆಯಿರಿ. ಸ್ವಲ್ಪ ಕೆಳಗೆ ಎಂಸಿಸಿ, ಎಂಎನ್‌ಸಿ ಅಂತ ಎರಡು ಸಂಖ್ಯೆ ಇರುತ್ತವೆ. ಎಂಸಿಸಿ 404 ಅಥವಾ 405 ಅಂದರೆ ಭಾರತ. ಎಂಎನ್‌ಸಿ ಕಂಪನಿ ಮತ್ತು ಸರ್ಕಲ್ ಎರಡನ್ನೂ ಹೇಳುತ್ತದೆ. 404, 45 ಇದ್ದರೆ ಕರ್ನಾಟಕದ ಏರ್‌ಟೆಲ್. 404, 71 ಕರ್ನಾಟಕದ ಬಿಎಸ್ಎನ್ಎಲ್. 405, 861 ಕರ್ನಾಟಕದ ಜಿಯೋ. ಹಳೇ ಐಡಿಯಾ ಸಿಮ್ ಆಗಿದ್ದರೆ 404, 44 ಕಾಣಬಹುದು, ಆ ಸಂಖ್ಯೆ ಮೊದಲು ಸ್ಪೈಸ್‌ನದು. ನಂಬರ್ ಪೋರ್ಟ್ ಮಾಡಿದ್ದರೂ ಇಲ್ಲಿ ಕಾಣುವುದು ಹೊಸ ಕಂಪನಿಯ ಕೋಡೇ, ಯಾಕೆಂದರೆ ಪೋರ್ಟ್ ಮಾಡಿದಾಗ ಉಳಿಯುವುದು ಹತ್ತಂಕಿಯ ನಂಬರ್ ಮಾತ್ರ, ಸಿಮ್ ಪೂರ್ತಿ ಹೊಸದು.