ರೂಟರ್‌ನ ಎಂಟಿಯು: 1400 ಎಂದು ಬರೆದುಬಿಡಬಹುದೇ?

ಪ್ರಶ್ನೆ: ಬ್ರಹ್ಮಾವರದ ನಮ್ಮ ಮನೆಯಲ್ಲಿ ಫೈಬರ್ ಇಂಟರ್ನೆಟ್ ಇದೆ. ಕಚೇರಿಯ ವಿಪಿಎನ್‌ಗೆ ಲಾಗಿನ್ ಆಗುತ್ತದೆ, ಸಣ್ಣ ಸಂದೇಶಗಳೂ ಹೋಗುತ್ತವೆ. ದೊಡ್ಡ ಫೈಲ್ ಮಾತ್ರ ಅರ್ಧದಲ್ಲೇ ನಿಲ್ಲುತ್ತದೆ. ರೂಟರ್‌ನಲ್ಲಿ ಎಂಟಿಯು 1400 ಮಾಡಿ ಎಂದು ಪರಿಚಯದವರೊಬ್ಬರು ಹೇಳಿದ್ದಾರೆ. ಮಾಡಲೇ?

ಉತ್ತರ: ನೀವು ಹೇಳಿದ ಲಕ್ಷಣ ನೋಡಿದರೆ ತೊಂದರೆ ಎಂಟಿಯುವಿನದೇ ಇರಬಹುದು. ಆದರೆ ಊಹಿಸಿ ಬರೆಯಬೇಡಿ, ಅಳೆದು ಬರೆಯಿರಿ.

ಇಂಟರ್ನೆಟ್‌ನಲ್ಲಿ ಮಾಹಿತಿ ಸಣ್ಣ ಸಣ್ಣ ಕಟ್ಟುಗಳಾಗಿ, ಅಂದರೆ ಪ್ಯಾಕೆಟ್‌ಗಳಾಗಿ ಹೋಗುತ್ತದೆ. ಒಂದು ಪ್ಯಾಕೆಟ್ ಹೆಚ್ಚೆಂದರೆ ಎಷ್ಟು ಬೈಟ್ ಇರಬಹುದು ಎಂಬ ಮಿತಿಯೇ ಎಂಟಿಯು. ಈಥರ್ನೆಟ್ ಎಂಬ ತಂತಿಜಾಲದಲ್ಲಿ ಅದು ಸಾಮಾನ್ಯವಾಗಿ 1500. ಶಂಕರಪುರದ ಮಲ್ಲಿಗೆಯನ್ನು ಬಾಳೆಲೆಯಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುವಾಗ ಎಲೆಯೂ ಜಾಗ ಹಿಡಿಯುತ್ತದಲ್ಲ, ಹಾಗೆಯೇ ಪಿಪಿಪಿಒಇ (ಯೂಸರ್‌ನೇಮ್ ಕೊಟ್ಟು ಲಾಗಿನ್ ಆಗುವ ಬಗೆಯ) ಸಂಪರ್ಕ ಪ್ರತಿ ಪ್ಯಾಕೆಟ್‌ಗೂ 8 ಬೈಟ್‌ಗಳ ಹೊದಿಕೆ ಸುತ್ತುತ್ತದೆ. ಉಳಿಯುವುದು 1492. ರೂಟರ್‌ನ ವ್ಯಾನ್ (ಹೊರಗಿನ ಸಂಪರ್ಕದ) ಸೆಟ್ಟಿಂಗ್ ಪುಟದಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್ ತುಂಬಿದ್ದರೆ ನಿಮ್ಮದು ಬಹುತೇಕ ಇದೇ ಬಗೆ. ವಿಪಿಎನ್ ಇನ್ನೊಂದು ಸುತ್ತು ಎಲೆ ಹಾಕುತ್ತದೆ.

ಹಿಡಿಸದ ಪ್ಯಾಕೆಟ್ ಬಂದಾಗ ದಾರಿಯ ರೂಟರ್ ‘ಇದು ದೊಡ್ಡದಾಯಿತು’ ಎಂಬ ಐಸಿಎಂಪಿ (ಜಾಲದ ತೊಂದರೆ ತಿಳಿಸುವ) ಸಂದೇಶವನ್ನು ಹಿಂದಕ್ಕೆ ಕಳುಹಿಸಬೇಕು. 1990ರಲ್ಲೇ ಗೊತ್ತುಮಾಡಿದ ಕ್ರಮವಿದು. ಭದ್ರತೆಯ ಹೆಸರಿನಲ್ಲಿ ಆ ಸಂದೇಶವನ್ನೇ ತಡೆಯುವ ಫೈರ್‌ವಾಲ್‌ಗಳಿವೆ. ಅದು ನಿಜಕ್ಕೂ ಕೆಟ್ಟ ಅಭ್ಯಾಸ. ವಿಷಯ ತಿಳಿಯದ ಕಂಪ್ಯೂಟರ್ ಅದೇ ದೊಡ್ಡ ಪ್ಯಾಕೆಟನ್ನು ಮತ್ತೆ ಮತ್ತೆ ಕಳುಹಿಸುತ್ತದೆ. ಲಾಗಿನ್‌ನ ಪ್ಯಾಕೆಟ್‌ಗಳು ಸಣ್ಣವು, ದಾಟಿಬಿಡುತ್ತವೆ. ಫೈಲ್‌ನವು ತುಂಬಿಕೊಂಡಿರುತ್ತವೆ, ಸಿಕ್ಕಿಬೀಳುತ್ತವೆ.

ಅಳೆಯಲು ಮೊದಲು ವಿಪಿಎನ್ ನಿಲ್ಲಿಸಿ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ, ಪ್ಯಾಕೆಟ್ ಕಳುಹಿಸಿ ಉತ್ತರ ಕಾಯುವ ಪಿಂಗ್ ಆದೇಶಕ್ಕೆ ಎರಡು ಸೂಚನೆ ಸೇರಿಸಬೇಕು: ತುಂಡು ಮಾಡಬೇಡ ಎನ್ನುವ ‘-ಎಫ್’, ಗಾತ್ರ ಹೇಳುವ ‘-ಎಲ್ 1472’. ಅಕ್ಷರಗಳನ್ನು ಇಂಗ್ಲಿಷಿನ ಸಣ್ಣ ಲಿಪಿಯಲ್ಲಿ ಟೈಪ್ ಮಾಡಿ. ಪಿಂಗ್ ಹೋಗಬೇಕಾದದ್ದು 1.1.1.1ರಂತಹ ಹೊರಗಿನ ವಿಳಾಸಕ್ಕೆ. ಮನೆಯ ರೂಟರ್‌ಗೇ ಮಾಡಿದರೆ ಹೊರದಾರಿಯ ಅಳತೆ ಸಿಗುವುದಿಲ್ಲ. ಉತ್ತರ ಬಂದರೆ 28 ಬೈಟ್‌ಗಳ ಹೆಡರ್ (ವಿಳಾಸ ಇತ್ಯಾದಿಯ ತಲೆಭಾಗ) ಸೇರಿ 1500 ಸರಿಯಾಗಿಯೇ ಇದೆ. ಬರದಿದ್ದರೆ ಸಂಖ್ಯೆಯನ್ನು ಇಳಿಸುತ್ತಾ ಹೋಗಿ. 1464ಕ್ಕೆ ಉತ್ತರ ಬಂದು 1465ಕ್ಕೆ ನಿಂತರೆ ನಿಮ್ಮ ಸಂಖ್ಯೆ 1492. ಅದನ್ನೇ ವ್ಯಾನ್ ಪುಟದಲ್ಲಿ ಬರೆಯಿರಿ.

ಆಮೇಲೂ ವಿಪಿಎನ್ ಸಿಕ್ಕಿಕೊಂಡರೆ ರೂಟರನ್ನು ಮುಟ್ಟದೆ ವಿಪಿಎನ್‌ನ ಎಂಟಿಯುವನ್ನೇ ಇಳಿಸಬೇಕು. ವೈರ್‌ಗಾರ್ಡ್ ಎಂಬ ವಿಪಿಎನ್‌ನಲ್ಲಿ ಸಾಮಾನ್ಯವಾಗಿರುವುದು 1420. ಐಪಿವಿ6 ಎಂಬ ಇಂಟರ್ನೆಟ್‌ನ ಹೊಸ ವಿಳಾಸ ಪದ್ಧತಿಯ ಮೇಲೆ ಅದರ ಹೊದಿಕೆ 80 ಬೈಟ್, ಆದ್ದರಿಂದ 1492ರ ದಾರಿಯಲ್ಲಿ 1412 ಇಡಬೇಕಾಗುತ್ತದೆ. ಕಚೇರಿಯ ಲ್ಯಾಪ್‌ಟಾಪ್ ಆದರೆ ಅಳತೆಯನ್ನು ಅಲ್ಲಿನ ಐಟಿ ವಿಭಾಗಕ್ಕೆ ತಿಳಿಸಿ. ಐಪಿವಿ6ಗೆ ಕನಿಷ್ಠ 1280 ಬೇಕೇ ಬೇಕು, ಅದಕ್ಕಿಂತ ಕೆಳಗಿಳಿಯಬೇಡಿ.

1400 ಇಟ್ಟರೂ ಕೆಲಸ ನಡೆಯಬಹುದು, ನಷ್ಟವೂ ಅಲ್ಪ. ಆದರೆ ದೋಷ ಎಲ್ಲಿತ್ತೆಂದು ನಿಮಗೆ ತಿಳಿಯುವುದೇ ಇಲ್ಲ. ಇನ್ನು, ಗಾಳಿಮಳೆಗೆ ತೆಂಗಿನ ಮಡಲು ಬಿದ್ದು ಕೇಬಲ್ ಬಾಗಿ ವೇಗ ಕುಸಿದಿದ್ದರೆ ಎಂಟಿಯು ಅದಕ್ಕೆ ಮದ್ದಲ್ಲ. ಲೈನ್ ನೋಡುವವರನ್ನೇ ಕರೆಸಿ.