2.0 ಎಂದರೆ 1.0ರ ಮಗನಲ್ಲ: ಆರ್‌ಎಸ್‌ಎಸ್, ಆಟಮ್ ಮತ್ತು ಒಂದು ಚಿಹ್ನೆಯ ಜಗಳ

ಜಾಲತಾಣದ ಹೊಸ ಬರಹಗಳನ್ನು ಓದುಗರ ತಂತ್ರಾಂಶಕ್ಕೆ ತಲುಪಿಸುವ ಪಟ್ಟಿಯೇ ಫೀಡ್; ಅದನ್ನು ಬರೆಯುವ ಎರಡು ಮಾದರಿಗಳು ಆರ್‌ಎಸ್‌ಎಸ್ ಮತ್ತು ಆಟಮ್. ಆರ್‌ಎಸ್‌ಎಸ್ 1.0ಕ್ಕಿಂತ 2.0 ಹೊಸದು, ಆದ್ದರಿಂದ ಅದೇ ಒಳ್ಳೆಯದು ಎಂದು ಅನೇಕರು ಕಣ್ಣುಮುಚ್ಚಿ ನಂಬಿದ್ದಾರೆ. ಈ ನಂಬಿಕೆಗೆ ಬುಡವೇ ಇಲ್ಲ. ಇವೆರಡನ್ನೂ ಕಟ್ಟಿದವರು ಬೇರೆ, ಕಟ್ಟಿದ ತಳಪಾಯವೂ ಬೇರೆ.

1999ರ ಮಾರ್ಚ್‌ನಲ್ಲಿ ನೆಟ್‌ಸ್ಕೇಪ್ ಕಂಪನಿ ತನ್ನ ಪೋರ್ಟಲ್‌ಗಾಗಿ ಆರ್‌ಎಸ್‌ಎಸ್‌ನ ಮೊದಲ ಆವೃತ್ತಿ 0.90 ಹೊರತಂದಿತು. ಅದರ ಹಿಂದಿದ್ದವರಲ್ಲಿ ಮದ್ರಾಸ್ ಐಐಟಿಯಲ್ಲಿ ಓದಿದ ರಾಮನಾಥನ್ ಗುಹಾ ಒಬ್ಬರು. ಮಾಹಿತಿಗಳ ನಡುವಿನ ನಂಟನ್ನು ಯಂತ್ರಕ್ಕೆ ತಿಳಿಸುವ ಆರ್‌ಡಿಎಫ್ ಅದರ ಆಧಾರ. ಜುಲೈನಲ್ಲಿ ಬಂದ 0.91 ಆರ್‌ಡಿಎಫ್ ಅನ್ನು ಕೈಬಿಟ್ಟಿತು. ಅಲ್ಲಿಂದ ದಾಯಾದಿ ಕಲಹ. 2000ರ ಡಿಸೆಂಬರ್‌ನಲ್ಲಿ ಒಂದು ಬಳಗ ಆರ್‌ಡಿಎಫ್ ಅನ್ನು ಮರಳಿ ತಂದು ಅದಕ್ಕೆ 1.0 ಎಂದು ಹೆಸರಿಟ್ಟಿತು. ಹದಿನಾಲ್ಕು ವರ್ಷದ ಆರನ್ ಸ್ವಾರ್ಟ್ಸ್ ಆ ಬಳಗದಲ್ಲಿದ್ದ ಎಂಬುದು ಇಂದಿಗೂ ಬೆರಗು ಹುಟ್ಟಿಸುತ್ತದೆ. ಸರಳತೆಯನ್ನೇ ಹಿಡಿದ ತಂತ್ರಾಂಶಕಾರ ಡೇವ್ ವೈನರ್ 0.91ರ ದಾರಿಯಲ್ಲೇ ನಡೆದು 2002ರಲ್ಲಿ 2.0 ತಂದರು.

ಆ ಸರಳತೆಯಲ್ಲೇ ಒಂದು ತೊಡಕಿದೆ. ನಿಮ್ಮ ಲೇಖನದ ಶೀರ್ಷಿಕೆ ‘<ಬಿ> ಟ್ಯಾಗ್ ಬಳಸುವುದು ಹೇಗೆ’ ಎಂದಿರಲಿ. ಫೀಡ್ ಬರೆಯುವ ಎಕ್ಸ್‌ಎಂಎಲ್ ಭಾಷೆಯಲ್ಲಿ < ಚಿಹ್ನೆಯನ್ನು ಹಾಗೇ ಬರೆಯುವಂತಿಲ್ಲ, ಸಂಕೇತವಾಗಿ ಬದಲಿಸಬೇಕು. ಓದುವ ತಂತ್ರಾಂಶ ಆ ಸಂಕೇತವನ್ನು ಬಿಡಿಸಿದಾಗ ಮತ್ತೆ < ಸಿಗುತ್ತದೆ. ಈಗ ಅದೇನು ಮಾಡಬೇಕು? ಇದು ಬರೀ ಪಠ್ಯ ಎಂದುಕೊಂಡರೆ ಶೀರ್ಷಿಕೆ ಸರಿಯಾಗಿ ಕಾಣುತ್ತದೆ. ಜಾಲಪುಟ ಕಟ್ಟುವ ಎಚ್‌ಟಿಎಂಎಲ್ ಎಂದುಕೊಂಡರೆ ಅಕ್ಷರ ದಪ್ಪಗಾಗಿಸುವ ಆ ಟ್ಯಾಗ್ ಮಾಯ, ಉಳಿದ ಪದಗಳೆಲ್ಲ ದಪ್ಪಕ್ಷರ! ಶೀರ್ಷಿಕೆಯ ವಿಷಯದಲ್ಲಿ 2.0 ಇದನ್ನು ಹೇಳುವುದೇ ಇಲ್ಲ. ಚೀಟಿ ಅಂಟಿಸದ ಡಬ್ಬಿಯಲ್ಲಿ ಉಪ್ಪಿದೆಯೋ ಸಕ್ಕರೆಯೋ ಎಂದು ಅಡುಗೆಯವರು ಊಹಿಸಬೇಕಾದ ಸ್ಥಿತಿ ಇದು.

2003ರಲ್ಲಿ ತಂತ್ರಾಂಶಕಾರ ಸ್ಯಾಮ್ ರೂಬಿ ಚಾಲನೆ ಕೊಟ್ಟು, 2005ರ ಡಿಸೆಂಬರ್‌ನಲ್ಲಿ ಅಂತರಜಾಲದ ಮಾನಕ ದಾಖಲೆ ಆರ್‌ಎಫ್‌ಸಿ 4287 ಆಗಿ ಹೊರಬಂದ ಆಟಮ್ ಈ ಚೀಟಿಯನ್ನು ಅಂಟಿಸಿತು. ಪಠ್ಯವೋ, ಎಚ್‌ಟಿಎಂಎಲ್ಲೋ, ಎಕ್ಸ್‌ಎಚ್‌ಟಿಎಂಎಲ್ಲೋ ಎಂದು ಟೈಪ್ ಗುಣದಲ್ಲಿ ಹೇಳಬಹುದು. ಏನೂ ಹೇಳದಿದ್ದರೆ ಪಠ್ಯವೇ. ಊಹೆಗೆ ಜಾಗವಿಲ್ಲ. ನನಗೆ ಆಟಮ್ ಮೇಲೆ ಇಷ್ಟು ಪ್ರೀತಿ ಇದಕ್ಕೇ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೂ ಎರಡು ಲಾಭ. 2.0ರ ದಿನಾಂಕದಲ್ಲಿ ತಿಂಗಳ ಹೆಸರು ಇಂಗ್ಲಿಷಿನಲ್ಲೇ ಇರಬೇಕು, ತಂತ್ರಾಂಶ ಅದನ್ನು ಕನ್ನಡಕ್ಕೆ ತಿರುಗಿಸಿಬಿಟ್ಟರೆ ಫೀಡ್ ಕೆಡುತ್ತದೆ. ಆಟಮ್ ದಿನಾಂಕದಲ್ಲಿ ತಿಂಗಳಿಗೂ ಅಂಕಿಯೇ. ಕನ್ನಡ, ಇಂಗ್ಲಿಷ್ ಎರಡೂ ಬೆರೆತ ಆಟಮ್ ಫೀಡಿನಲ್ಲಿ ಪ್ರತಿ ಬರಹದ ಭಾಷೆಯನ್ನೂ ಬೇರೆಬೇರೆಯಾಗಿ ಗುರುತಿಸಬಹುದು.

ಹಾಗೆಂದು ಪಾಡ್‌ಕಾಸ್ಟ್ ಮಾಡುವವರು ಆಟಮ್ ಹಿಡಿದು ಹೊರಡಬಾರದು. ಆಡಿಯೊ ಕಡತವನ್ನು ಜೋಡಿಸುವ ಎನ್‌ಕ್ಲೋಷರ್ ವ್ಯವಸ್ಥೆಯನ್ನು ವೈನರ್ 2000ದಲ್ಲೇ 0.92ರಲ್ಲಿ ಸೇರಿಸಿದ್ದರು. 2005ರಲ್ಲಿ ಆಪಲ್‌ನ ಐಟ್ಯೂನ್ಸ್ ಪಾಡ್‌ಕಾಸ್ಟ್‌ಗಳನ್ನು ಸೇರಿಸಿಕೊಂಡ ಮೇಲೆ ಆ ಲೋಕವೆಲ್ಲ 2.0ರದ್ದೇ ಆಯಿತು. ಬರಹಕ್ಕಾದರೆ ಆಟಮ್ ಸಾಕು. ಯೂಟ್ಯೂಬ್ ಚಾನೆಲ್‌ಗಳ ಫೀಡ್ ಕೂಡ ಆಟಮ್ಮೇ.

ಯಾವುದನ್ನೇ ಆರಿಸಿ, ಪ್ರತಿ ಬರಹಕ್ಕೆ ಒಮ್ಮೆ ಕೊಟ್ಟ ಗುರುತನ್ನು (ಐಡಿ) ಎಂದೂ ಬದಲಿಸಬೇಡಿ. ಆಟಮ್‌ನಲ್ಲಿ ಈ ಗುರುತು ಕಡ್ಡಾಯ, 2.0ರಲ್ಲಿ ಐಚ್ಛಿಕ. ತಾಣದ ವಿಳಾಸದಿಂದಲೇ ಗುರುತು ಹುಟ್ಟಿಸುವ ತಂತ್ರಾಂಶವಿದ್ದರೆ, ತಾಣ ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ ಬದಲಾದ ದಿನ ಹಳೆಯ ಬರಹಗಳೆಲ್ಲ ಹೊಸದೆಂಬಂತೆ ಓದುಗರ ಮುಂದೆ ಬಂದು ಬೀಳುತ್ತವೆ.