ಕಣ್ಣಿನ ಬಿಳಿ ಬಿಳಿಯಲ್ಲ

ಫೋಟೋ ನೋಡಿ ಪೆನ್ಸಿಲ್‌ನಲ್ಲಿ ಮುಖ ಬಿಡಿಸಲು ಕುಳಿತವರು ಮೊದಲು ಕೆಡಿಸುವುದು ಕಣ್ಣನ್ನು. ಪಾಪೆಯ ಸುತ್ತಲಿನ ಭಾಗವನ್ನು ಖಾಲಿ ಕಾಗದವಾಗಿಯೇ ಬಿಟ್ಟುಬಿಡುತ್ತಾರೆ. ಚಿತ್ರದಲ್ಲಿರುವವರು ದೆವ್ವ ಕಂಡವರಂತೆ ದಿಟ್ಟಿಸತೊಡಗುತ್ತಾರೆ. ಆಮೇಲೆ 'ಕಲೆ ನನ್ನ ಹಣೆಯಲ್ಲಿ ಬರೆದಿಲ್ಲ' ಎಂಬ ಹಳೆಯ ರಾಗ. ನೀಟಾಗಿ ಸಹಿ ಹಾಕುವ ಕೈಗೆ ಮುಖದ ಗೆರೆಗಳು ಅಸಾಧ್ಯವೇನಲ್ಲ. ತಪ್ಪು ಮಿದುಳಿನದು.

ಒಂದು ರಟ್ಟಿನ ಚೂರಿಗೆ ಎರಡು ಸಣ್ಣ ತೂತು ಮಾಡಿ ಫೋಟೋದ ಮೇಲಿಡಿ. ಒಂದರಲ್ಲಿ ಕಣ್ಣಿನ ಬಿಳಿ ಕಾಣಲಿ, ಇನ್ನೊಂದರಲ್ಲಿ ಮೂಗಿನ ತುದಿಯ ಹೊಳಪು. ಬಿಳಿ ಎಂದು ನಂಬಿದ್ದು ಅಪ್ಪಟ ಬೂದು! ರೆಪ್ಪೆಯ ನೆರಳು ಅದರ ಮೇಲೆ ಬಿದ್ದಿರುತ್ತದೆ, ಗುಡ್ಡೆ ದುಂಡಗಿರುವುದರಿಂದ ಮೂಲೆಗಳತ್ತ ಇನ್ನಷ್ಟು ಮಬ್ಬು.

ಮಿದುಳು ಬೆಳಕನ್ನು ಅಳೆಯುವುದಿಲ್ಲ, ಹೋಲಿಸುತ್ತದೆ. ತೂಕದಲ್ಲಿ ಚೀಲದ ಭಾರ ಕಳೆದು ಅಕ್ಕಿಯ ಲೆಕ್ಕ ಹೇಳುವ ಹಾಗೆ, ನೆರಳಿನ ಪಾಲು ಕಳೆದು ವಸ್ತುವಿನ ಬಣ್ಣ ಹೇಳುತ್ತದೆ. ಗದ್ದಲದ ನಡುವೆಯೂ ಗೆಳೆಯನ ದನಿ ಹಿಡಿಯುವ ಕಿವಿಯ ಕೆಲಸವೂ ಇಂಥದೇ. ಬಿಸಿಲಿನಲ್ಲಿರುವ ಇದ್ದಿಲು ಕೋಣೆಯೊಳಗಿನ ಬಿಳಿ ಹಾಳೆಗಿಂತ ಹತ್ತು ಪಟ್ಟಿಗೂ ಹೆಚ್ಚು ಬೆಳಕನ್ನು ನಮ್ಮ ಕಣ್ಣಿಗೆ ಕಳಿಸಬಲ್ಲದು. ಆದರೂ ಇದ್ದಿಲು ಕಪ್ಪೇ, ಹಾಳೆ ಬಿಳಿಯೇ. ದೃಷ್ಟಿಯ ಬಗ್ಗೆ ಸಂಶೋಧನೆ ಮಾಡುವ ವಿಜ್ಞಾನಿ ಎಡ್ವರ್ಡ್ ಆಡೆಲ್‌ಸನ್ 1995ರಲ್ಲಿ ಇದನ್ನೇ ಚದುರಂಗದ ಹಾಸಿನಂಥ ಚಿತ್ರದಲ್ಲಿ ತೋರಿಸಿದರು. ಅದರಲ್ಲಿ ಒಂದು 'ಕಪ್ಪು' ಮನೆಯೂ ನೆರಳಿನಲ್ಲಿರುವ ಒಂದು 'ಬಿಳಿ' ಮನೆಯೂ ಒಂದೇ ಬೂದು. ಗೊತ್ತಿದ್ದೂ ಕಣ್ಣು ಒಪ್ಪುವುದಿಲ್ಲ. ಬದುಕಲು ಇದು ವರ, ಚಿತ್ರ ಬಿಡಿಸಲು ಶಾಪ.

ಫೋಟೋವನ್ನು ತಲೆಕೆಳಗಾಗಿಟ್ಟು ಬಿಡಿಸಿ ಎಂಬ ಸಲಹೆ ಫಲ ಕೊಡುವುದೂ ಮಿದುಳಿಗೆ ಮುಖದ ಗುರುತು ತಪ್ಪುವುದರಿಂದಲೇ. 1980ರಲ್ಲಿ ಮನೋವಿಜ್ಞಾನಿ ಪೀಟರ್ ಥಾಂಪ್ಸನ್ ಆಗಿನ ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರ ಫೋಟೋದಲ್ಲಿ ಕಣ್ಣು, ಬಾಯಿಗಳನ್ನಷ್ಟೇ ತಿರುಗಿಸಿ ಅಂಟಿಸಿದರು. ತಲೆಕೆಳಗಾಗಿ ಹಿಡಿದರೆ ಏನೂ ಅನ್ನಿಸದ ಆ ಮುಖ, ನೆಟ್ಟಗೆ ಮಾಡಿದೊಡನೆ ಭಯಂಕರ. ಇದಕ್ಕೆಲ್ಲ 'ಬಲ ಮಿದುಳು ಕಲಾವಿದ, ಎಡ ಮಿದುಳು ಗುಮಾಸ್ತ' ಎಂದು ಕಾರಣ ಹೇಳುವವರನ್ನು ದಯವಿಟ್ಟು ನಂಬಬೇಡಿ. ಅದು ವಿಜ್ಞಾನದ ವೇಷ ಹಾಕಿದ ಕಣಿ.

ಇನ್ನು ಪೆನ್ಸಿಲ್. ನಾವು ಅದನ್ನು ಸೀಸದ ಕಡ್ಡಿ ಎನ್ನುತ್ತೇವೆ, ಒಳಗೆ ಚೂರೂ ಸೀಸವಿಲ್ಲ. ಇರುವುದು ಗ್ರಾಫೈಟ್ ಎಂಬ ಕಪ್ಪು ಖನಿಜ. ಹಿಂದಿನವರು ಅದನ್ನು ಸೀಸದ ಜಾತಿಯೆಂದೇ ತಿಳಿದಿದ್ದರು. ಅದು ಇಂಗಾಲವೆಂದು 1779ರಲ್ಲಿ ತೋರಿಸಿದವನು ರಸಾಯನ ವಿಜ್ಞಾನಿ ಷೀಲೆ. ಯುದ್ಧದಿಂದಾಗಿ ಇಂಗ್ಲೆಂಡಿನ ಗ್ರಾಫೈಟ್ ಸಿಗದೆ ಹೋದಾಗ ಫ್ರಾನ್ಸಿನ ಕಾಂಟೆ ಅದರ ಪುಡಿಗೆ ಜೇಡಿಮಣ್ಣು ಬೆರೆಸಿ ಸುಟ್ಟ. 1795ರಲ್ಲಿ ಪೇಟೆಂಟ್ ಪಡೆದ. ಮಣ್ಣು ಹೆಚ್ಚಿದಷ್ಟೂ ಕಡ್ಡಿ ಗಟ್ಟಿ, ಗೆರೆ ತಿಳಿ. ಗ್ರಾಫೈಟ್ ಪದರಪದರವಾಗಿರುವುದರಿಂದ ತುಂಬ ಮೆತ್ತಗಿನ, ಕಪ್ಪಾಗಿ ಬರೆಯುವ 8ಬಿ ಪೆನ್ಸಿಲನ್ನು ಎಷ್ಟು ಒತ್ತಿದರೂ ಒಂದು ಹಂತದ ಮೇಲೆ ಕಪ್ಪು ಏರುವುದಿಲ್ಲ, ಕನ್ನಡಿಯಂತೆ ಹೊಳೆಯುತ್ತದೆ. ಆದರೂ ಚಿತ್ರದಲ್ಲಿ ಕೂದಲು ಕಡುಕಪ್ಪಾಗಿ ಕಾಣುತ್ತದಲ್ಲ? ನೋಡುವವನ ಮಿದುಳೂ ಹೋಲಿಸುವುದೇ ಹೊರತು ಅಳೆಯುವುದಿಲ್ಲ.

ಹಾಗಾಗಿ ಸಾಧಾರಣ ಎಚ್‌ಬಿ ಪೆನ್ಸಿಲ್ ಹಿಡಿದು ಕಣ್ಣಿನ ಬಿಳಿಯ ಮೇಲೆ ಧೈರ್ಯವಾಗಿ ಬೂದು ಹಚ್ಚಿ. ಪಾಪೆಯಂಚಿನ ಹೊಳಪಿನ ಚುಕ್ಕೆಯೊಂದನ್ನು ಮಾತ್ರ ಮುಟ್ಟಬೇಡಿ. ತುಸು ದೂರ ಸರಿದು ನೋಡಿದರೆ, ಆ ಬೂದು ಬೆಳ್ಳಗೆ ಕಾಣುತ್ತದೆ.